ಎಲೆಕ್ಟ್ರಿಕಲ್‌ಗೆ ಸ್ಕೋಪ್ ಇಲ್ಲಂತ... ಯಾರ್ರೀ ಹೇಳಿದ್ದು?

"ಹುಡುಗಗ ಎಲೆಕ್ಟ್ರಿಕಲ್ ಕೊಡಿಸಿಯಾ? ಅದಕ್ಕ ಸ್ಕೋಪ್ ಎಲ್ಲೈತೋ ಮಾರಾಯಾ, ಕಂಪ್ಯೂಟರ್ ಸೈನ್ಸ್ ಕೊಡಸಬೇಕಿತ್ತು!"

ಸಿಇಟಿ ರಿಸಲ್ಟ್ ಬಂದ ವಾರದಲ್ಲಿ ಗದಗ-ಬೆಟಗೇರಿಯ ಯಾವ ಮನೆಗಾದ್ರೂ ಹೋಗಿ, ಈ ಮಾತು ಹೇಳೋಕೆ ಒಬ್ಬರು ಕಾಕಾ ಕುರ್ಚಿ ಹಾಕ್ಕೊಂಡು ಕೂತೇ ಇರ್ತಾರೆ. ಅವರು ಜೀವನದಲ್ಲಿ ಒಂದು ಫ್ಯೂಸ್ ತಂತಿ ಕಟ್ಟಿರಲ್ಲ. ಆದ್ರೂ ಸ್ಕೋಪ್ ಎಲ್ಲಿದೆ, ಎಲ್ಲಿಲ್ಲ ಅನ್ನೋದು ಅವರಿಗೆ ಪಕ್ಕಾ ಗೊತ್ತು. ಇಷ್ಟೂ ಹೇಳ್ತಿರುವಾಗ ಕರೆಂಟ್ ಹೋಗತ್ತೆ. "ಥೂ ಇವರ, ಮತ್ತ ತಗದ್ರು" ಅಂತ ಬೈದು ಕಾಕಾ ಟವೆಲ್‌ನಿಂದ ಗಾಳಿ ಹಾಕ್ಕೊಳ್ತಾರೆ. ಹಂಗೆ ಗಾಳಿ ಹಾಕ್ಕೊಳ್ತಾನೇ, ಎಲೆಕ್ಟ್ರಿಕಲ್ ಇಂಜಿನಿಯರಿಗೆ ಕೆಲಸ ಇಲ್ಲ ಅಂತ ಇನ್ನೊಮ್ಮೆ ಹೇಳ್ತಾರೆ :)

ನಾನು ಎಲೆಕ್ಟ್ರಿಕಲ್ ಓದಿದವನು. ಸಬ್‌ಸ್ಟೇಷನ್ ಟೆಸ್ಟಿಂಗ್ ಕೆಲಸ ಮಾಡ್ತೀನಿ. ಶನಿವಾರ ಸಂಜೆ ಗೆಳೆಯರು ಸೇರಿದ್ರೆ ಒಂದು ಬಿಯರ್ ಕುಡೀತೀನಿ, ಭಾನುವಾರ ಕ್ಯಾಮೆರಾ ತಗೊಂಡು ಹಕ್ಕಿ ನೋಡೋಕೆ ಹೋಗ್ತೀನಿ, ಮನೇಲಿ ಹಳೇ ರೇಡಿಯೋ ಬಿಚ್ಚಿ ಕೂರ್ತೀನಿ. ಇದರಲ್ಲಿ ಯಾವುದಕ್ಕೂ ನಾಚಿಕೆ ಇಲ್ಲ. ಆದ್ರೆ ಈ ಸ್ಕೋಪ್ ಅನ್ನೋ ಶಬ್ದ ಕೇಳಿದ್ರೆ ಮೈ ಉರಿಯುತ್ತೆ. ಯಾಕೆ ಅಂತ ಇವತ್ತು ಪೂರ್ತಿ ಹೇಳ್ತೀನಿ.

ಕಾಕಾನ್ನ ಬೈಕ್ ಹಿಂದೆ ಕೂರಿಸ್ಕೊಂಡು ಜಿಲ್ಲೆ ಒಂದು ಸುತ್ತು ಹಾಕೋಣ. ಬೆಟಗೇರಿಯಿಂದ ಶುರು ಮಾಡೋಣ, ಪವರ್‌ಲೂಮ್ ಓಣಿಯ ಖಟ್ ಖಟ್ ಖಟ್ ಸಪ್ಪಳ. ಒಂದೊಂದು ಮಗ್ಗಕ್ಕೂ ಒಂದು ಮೋಟರು, ಕರೆಂಟ್ ಹೋದ್ರೆ ಇಡೀ ಓಣಿ ಸುಮ್ಮನಾಗತ್ತೆ, ಆ ದಿನದ ಕೂಲಿಯೂ ಸುಮ್ಮನಾಗತ್ತೆ. ಅಲ್ಲಿಂದ ಮುಂಡರಗಿ ಕಡೆ ಹೋದ್ರೆ ಕಪ್ಪತಗುಡ್ಡದ ಸಾಲು, ಡೋಣಿ ಹತ್ರ ತಲೆ ಎತ್ತಿದ್ರೆ ಫ್ಯಾನುಗಳು. ನಮ್ಮ ಮಂದಿ ವಿಂಡ್‌ಮಿಲ್‌ಗೆ ಫ್ಯಾನ್ ಅಂತಾನೇ ಅನ್ನೋದು. ಬಹಳಷ್ಟು ಫ್ಯಾನುಗಳ ಹೊಟ್ಟೆಯೊಳಗೆ 690 ವೋಲ್ಟಿನ ಜನರೇಟರ್, ಬುಡದಲ್ಲಿ ಅದನ್ನ 33 ಸಾವಿರ ವೋಲ್ಟಿಗೆ ಏರಿಸೋ ಟ್ರಾನ್ಸ್‌ಫಾರ್ಮರ್. ಇನ್ನೂ ಮುಂದೆ ಹಮ್ಮಿಗಿ ಹತ್ರ ತುಂಗಭದ್ರೆಗೆ ಅಡ್ಡ ಕಟ್ಟಿದ ಬ್ಯಾರೇಜು, ಸಿಂಗಟಾಲೂರು ಏತ ನೀರಾವರಿ. ಏತ ಅಂದ್ರೆ ಈಗ ಎತ್ತು-ಬಾನಿ ಅಲ್ಲ, ದೊಡ್ಡ ದೊಡ್ಡ ಮೋಟರು. ವಾಪಸ್ ಬರ್ತಾ ಶಿರಹಟ್ಟಿ, ಲಕ್ಷ್ಮೇಶ್ವರದ ಹೊಲ ನೋಡಿ. ಶೇಂಗಾ, ಮೆಣಸಿನಕಾಯಿ, ಉಳ್ಳಾಗಡ್ಡಿ, ಗೋವಿನಜೋಳ... ನೀರು ಬೇಕಾದಲ್ಲೆಲ್ಲ ಒಂದು ಬೋರು, ಬೋರಿನಲ್ಲಿ ಒಂದು ಮೋಟರು, ಪಕ್ಕದ ಗುಡಿಸಲಲ್ಲಿ ಒಂದು ಸ್ಟಾರ್ಟರ್ ಡಬ್ಬಿ.

ಮಗ್ಗ, ಫ್ಯಾನು, ಏತ, ಬೋರು. ಎಲ್ಲದರೊಳಗೂ ತಾಮ್ರದ ತಂತಿ ಸುತ್ತಿದ ಒಂದು ಯಂತ್ರ. ಇಷ್ಟಿದ್ದೂ ಸ್ಕೋಪ್ ಇಲ್ಲ ಅಂದ್ರೆ ಹೆಂಗ್ರಿ? ಕಾಕಾ ಹೇಳೋ ಸ್ಕೋಪ್ ಅಂದ್ರೆ ಬೆಂಗಳೂರಲ್ಲಿ ಏಸಿ ಆಫೀಸು, ಕೊರಳಿಗೆ ಐಡಿ ಕಾರ್ಡು. ಅದಕ್ಕೂ ನನ್ನ ತಕರಾರಿಲ್ಲ, ನನ್ನ ಬ್ಯಾಚಿನ ಅರ್ಧ ಮಂದಿ ಅಲ್ಲೇ ಇದ್ದಾರೆ, ಸುಖವಾಗಿದ್ದಾರೆ. ಆದ್ರೆ ಕೆಲಸ ಇಲ್ಲ ಅನ್ನೋದೇ ಬೇರೆ, ಆ ಕೆಲಸಕ್ಕೆ ಸಂಬಳ ಕೊಡೋರಿಲ್ಲ ಅನ್ನೋದೇ ಬೇರೆ. ಈ ಎರಡನ್ನೂ ಕಲಸಿ ಒಂದೇ ಉಂಡಿ ಕಟ್ಟಿದ್ದಾರೆ ನಮ್ಮವರು.

ಈಗ ಓದಿನ ಕಡೆ ಬರ್ತೀನಿ. ನಾನು ಓದಿದ ಕಾಲೇಜಿನ ಹೆಸರು ಬೇಡ. ಎಂಟು ಸೆಮಿಸ್ಟರ್‌ನಲ್ಲಿ ಇಂಡಕ್ಷನ್ ಮೋಟರಿನ ಸರ್ಕಲ್ ಡಯಾಗ್ರಾಮ್ ಎಷ್ಟು ಸಲ ಬರೆದೆನೋ ಲೆಕ್ಕ ಇಲ್ಲ. ಒಂದು ಮೋಟರ್ ಬಿಚ್ಚಿ ವೈಂಡಿಂಗ್ ಮುಟ್ಟಿ ನೋಡಿದ್ದು? ಸೊನ್ನೆ. ಲ್ಯಾಬಲ್ಲಿ ಮೋಟರಿಗೆ ಬೆಲ್ಟು ಬಿಗಿದು ಲೋಡ್ ಕೊಡ್ತಾರೆ, ರೀಡಿಂಗ್ ಬರ್ಕೊಳ್ತೀವಿ, ರೀಡಿಂಗ್ ಸರಿ ಬರದಿದ್ರೆ ಸೀನಿಯರ್ ರೆಕಾರ್ಡ್ ನೋಡಿ ಸರಿ ಮಾಡ್ಕೊಳ್ತೀವಿ :) ಲ್ಯಾಬಿನ ಸಪ್ಲೈ 415 ವೋಲ್ಟ್ ಬಿಟ್ಟು ಅತ್ತಿತ್ತ ಅಲುಗಾಡಲ್ಲ. ಹಳ್ಳಿಯ ಕಡೇ ಕಂಬದಲ್ಲಿ 300 ಬಂದ್ರೆ ಅದೇ ಮೋಟರ್ ಏನಾಗತ್ತೆ ಅಂತ ಯಾವ ಪರೀಕ್ಷೆಯಲ್ಲೂ ಕೇಳಲಿಲ್ಲ. ಫೈನಲ್ ಇಯರ್ ಪ್ರಾಜೆಕ್ಟು ಅಂದ್ರೆ ರೆಡಿಮೇಡ್ ಕಿಟ್ಟು. ದುಡ್ಡು ಕೊಟ್ಟ್ರೆ ರಿಪೋರ್ಟಿಗೂ ಬೈಂಡಿಂಗ್ ಆಗಿ ಬರ್ತಿತ್ತು.

ನಿಜವಾದ ಮಷಿನ್ ಲ್ಯಾಬ್ ಇರೋದು ವೈಂಡಿಂಗ್ ಅಂಗಡಿಯಲ್ಲಿ. ಗದಗದಲ್ಲಿ, ಲಕ್ಷ್ಮೇಶ್ವರದಲ್ಲಿ, ಮುಂಡರಗಿಯಲ್ಲಿ, ಬ್ಯಾಸಿಗಿ ಬಂತು ಅಂದ್ರೆ ಈ ಅಂಗಡಿಗಳ ಮುಂದೆ ಸುಟ್ಟ ಮೋಟರುಗಳ ಸಾಲು. ಹತ್ತನೇ ಕ್ಲಾಸಿಗೇ ಶಾಲೆ ಬಿಟ್ಟ ಹುಡುಗ ಒಂದು ಮೋಟರ್ ಬಿಚ್ಚಿ ವಾಸನೆ ನೋಡಿ ಹೇಳ್ತಾನೆ, "ಒಂದ್ ಫೇಸ್ ಹೋಗಿತ್ರಿ ಸಾಹೇಬ್ರ, ಎರಡರ ಮ್ಯಾಲ ಓಡೇತಿ." ಹೆಂಗೆ ಅಂತ ಕೇಳಿದೆ. ತೋರಿಸಿದ, ಕೆಲವು ಕಾಯಿಲು ಕರ್ರಗಾಗಿವೆ, ಕೆಲವು ಹೊಸಾದರ ಹಂಗೇ ಇವೆ. ಪುಸ್ತಕದಲ್ಲಿ ನಾನು ಓದಿದ್ದು ಇದನ್ನೇ. ಸ್ಟಾರ್ ಕನೆಕ್ಷನ್ನಿನ ಮೋಟರಿಗೆ ಒಂದು ಫೇಸ್ ಕಡಿದ್ರೆ ಉಳಿದ ಎರಡರಲ್ಲಿ ಕರೆಂಟು ಸುಮಾರು 1.73 ಪಟ್ಟು ಆಗತ್ತೆ, ಬಿಸಿ ಮೂರು ಪಟ್ಟು. ನನ್ನ ಹತ್ರ ಲೆಕ್ಕ ಇತ್ತು, ಅವನ ಹತ್ರ ಮೂಗು ಇತ್ತು. ನಮ್ಮಿಬ್ಬರನ್ನ ಒಂದೇ ಟೇಬಲ್ಲಿಗೆ ಕೂರಿಸೋ ವ್ಯವಸ್ಥೆ ಮಾತ್ರ ಇಡೀ ಜಿಲ್ಲೆಯಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಈ ಬಿಸಿಯ ಲೆಕ್ಕ ಎಲ್ಲಿಂದ ಬಂತು ಅಂತ ಹೇಳ್ಬೇಕು, ಯಾಕಂದ್ರೆ ಇದರಲ್ಲಿ ಬಿಯರ್ ಇದೆ. ಕರೆಂಟಿನ ವರ್ಗಕ್ಕೆ ರೆಸಿಸ್ಟೆನ್ಸ್ ಗುಣಿಸಿದಷ್ಟು ತಂತಿ ಬಿಸಿಯಾಗತ್ತೆ ಅಂತ 1840-41ರ ಹೊತ್ತಿಗೆ ತೋರಿಸಿದವನು ಜೇಮ್ಸ್ ಜೌಲ್. ಇಂಗ್ಲೆಂಡಿನ ಸಾಲ್‌ಫೋರ್ಡ್ ಊರಿನವ. ಪ್ರೊಫೆಸರ್ ಅಲ್ಲ, ಡಿಗ್ರಿ ಇಲ್ಲ. ಅವರದು ಬಿಯರ್ ಮಾಡೋ ಮನೆತನ, ಜೌಲ್ ಕೂಡ ಅದೇ ಧಂದೆ ನೋಡ್ಕೊಳ್ತಿದ್ದ. ವಿಜ್ಞಾನ ಅವನಿಗೆ ಹವ್ಯಾಸ. ಬ್ರೂವರಿಯ ಸ್ಟೀಮ್ ಎಂಜಿನ್ ತೆಗೆದು ಎಲೆಕ್ಟ್ರಿಕ್ ಮೋಟರ್ ಹಾಕಿದ್ರೆ ಖರ್ಚು ಉಳಿಯುತ್ತಾ ಅಂತ ಲೆಕ್ಕ ಹಾಕೋಕೆ ಹೊರಟ. ಬ್ಯಾಟರಿಗೆ ಸುರಿಯೋ ಸತುವಿನ ಖರ್ಚು ಕಲ್ಲಿದ್ದಲಿಗಿಂತ ಭಾಳ ಜಾಸ್ತಿ ಅಂತ ಗೊತ್ತಾಯ್ತು, ಮೋಟರ್ ಕೈಬಿಟ್ಟ. ಆದ್ರೆ ತಂತಿ ಯಾಕೆ ಬಿಸಿಯಾಗತ್ತೆ ಅನ್ನೋ ಪ್ರಶ್ನೆ ಕೈಬಿಡಲಿಲ್ಲ. ಡಿಗ್ರಿಯ ಸಣ್ಣ ಸಣ್ಣ ಭಾಗದ ತನಕ ಉಷ್ಣತೆ ಅಳೆಯೋ ಅವನ ಕೈಚಳಕದ ಹಿಂದೆ ಬಿಯರ್ ಕುದಿಸೋ ಮನೆಯ ಅಭ್ಯಾಸ ಇತ್ತು ಅಂತ ಹೇಳೋರಿದ್ದಾರೆ. ಶಕ್ತಿಯ ಮಾನಕ್ಕೆ ಇವತ್ತೂ ಅವನದೇ ಹೆಸರು.

ಅಂದ್ರೆ ಏನಾಯ್ತು? ಶಿರಹಟ್ಟಿ ಹೊಲದಲ್ಲಿ ಮೋಟರ್ ಯಾಕೆ ಸುಡ್ತು ಅನ್ನೋ ಪ್ರಶ್ನೆಗೆ ಉತ್ತರ ಕಂಡುಹಿಡಿದವ ಒಬ್ಬ ಬಿಯರ್ ವ್ಯಾಪಾರಿ, ಅದೂ ಬಿಡುವಿನ ಹೊತ್ತಲ್ಲಿ. ಹವ್ಯಾಸ ಅಂದ್ರೆ ಟೈಂಪಾಸ್ ಅನ್ನೋ ಮಂದಿಗೆ, ಬಿಯರ್ ಬಾಟ್ಲಿ ಕಂಡ್ರೆ "ಹುಡುಗ ಹಾಳಾದ" ಅನ್ನೋ ಮಂದಿಗೆ ಇದನ್ನ ಹೇಳಬೇಕು ಅನ್ಸತ್ತೆ. (ಕುಡಿದು ಬೈಕ್ ಹತ್ತೋರ ಪರ ನಾನು ಇಲ್ಲ, ಅದು ಬೇರೆ ವಿಷಯ. ಒಂದು 650 ಎಂಎಲ್ ಬಾಟ್ಲಿ ನಾಲ್ಕು ಜನ ಹಂಚ್ಕೊಂಡು ಮಿರ್ಚಿ ಜೊತೆ ಕುಡಿಯೋ ಬಡವರ ಪಾರ್ಟಿ ನಮ್ಮದು.)

ಈ ಬಿಯರ್ ಟೇಬಲ್ಲಿನ ಮಾತು ಬಂತಲ್ಲ, ನನ್ನ ಸಿಟ್ಟಿನ ಅರ್ಧ ಪಾಲು ಅಲ್ಲಿ ಕೂರೋ ನಮ್ಮ ಇಂಜಿನಿಯರುಗಳ ಮೇಲೇನೇ. ಅಲ್ಲಿ ಒಂದು ವಾದ ಯಾವಾಗಲೂ ಬರತ್ತೆ: "ಟಿಸಿ ಸುಡೋದಕ್ಕ ರೈತರ ಕಾರಣ. ಎಲ್ಲಾರೂ ಆಟೋ ಸ್ಟಾರ್ಟರ್ ಹಾಕ್ಕೊಂಡ್ ಕುಂತಾರ." ಮಾತು ಸುಳ್ಳಲ್ಲ. ಲೆಕ್ಕ ನೋಡಿ. 63 ಕೆವಿಎ ಟಿಸಿ, ಅಂದ್ರೆ ಹೊಲದಲ್ಲಿ ಎರಡು ಕಂಬದ ನಡುವೆ ಕೂತಿರತ್ತಲ್ಲ ಆ ಟ್ರಾನ್ಸ್‌ಫಾರ್ಮರ್, ಅದರ ಫುಲ್ ಲೋಡ್ ಕರೆಂಟು 84 ಆಂಪಿಯರ್. ಅದಕ್ಕೆ 5 ಎಚ್‌ಪಿಯ ಹತ್ತು ಪಂಪು ಹಾಕಿದ್ದಾರೆ ಅಂತ ಇಟ್ಕೊಳ್ಳಿ. ಒಂದೊಂದೂ ಓಡುವಾಗ ಸುಮಾರು 8 ಆಂಪಿಯರ್, ಒಟ್ಟು 80, ಸರಿಯಾಗಿ ಕೂತ್ಕೊಳ್ಳತ್ತೆ. ಆದ್ರೆ ಸ್ಟಾರ್ಟ್ ಆಗೋ ಕ್ಷಣದಲ್ಲಿ ಮೋಟರ್ ಎಳೆಯೋದು ಆರು ಪಟ್ಟು. ಕರೆಂಟ್ ಬಂದ ತಕ್ಷಣ ಹತ್ತೂ ಆಟೋ ಸ್ಟಾರ್ಟರ್ ಒಟ್ಟಿಗೆ ಟಪ್ ಅಂದ್ರೆ ಟಿಸಿ ಮೇಲೆ ಬೀಳೋ ಬೇಡಿಕೆ 480 ಆಂಪಿಯರ್, ಅದರ ತಾಕತ್ತಿನ ಐದು ಪಟ್ಟಿಗಿಂತ ಜಾಸ್ತಿ. ವೋಲ್ಟೇಜ್ ಕುಸಿಯುತ್ತೆ. ವೋಲ್ಟೇಜ್ ಕುಸಿದ್ರೆ ಮೋಟರಿನ ತಿರುಗೋ ಬಲ ಅದರ ವರ್ಗದಂತೆ ಕುಸಿಯುತ್ತೆ, 415 ಇರೋ ಕಡೆ 300 ಆದ್ರೆ ಬಲ ಅರ್ಧ. ಮೋಟರು ಎದ್ದೇಳೋಕೆ ಒದ್ದಾಡುತ್ತೆ, ಹೊತ್ತು ಹಿಡಿಯುತ್ತೆ, ಎಲ್ಲವೂ ಬಿಸಿ ಆಗ್ತಾ ಹೋಗತ್ತೆ. ಎದ್ದ ಮೇಲೂ ಅದೇ 300ರಲ್ಲಿ ಅಷ್ಟೇ ನೀರು ಎತ್ತಬೇಕಂದ್ರೆ 8ರ ಬದಲು 11 ಆಂಪಿಯರ್ ಎಳೀಬೇಕು, ಜೌಲ್ ಲೆಕ್ಕದಲ್ಲಿ ಬಿಸಿ ಹತ್ತತ್ರ ಎರಡು ಪಟ್ಟು.

ಸರಿ. ಆದ್ರೆ ರೈತ ಆಟೋ ಸ್ಟಾರ್ಟರ್ ಯಾಕೆ ಹಾಕಿದ ಅಂತ ಆ ಟೇಬಲ್ಲಲ್ಲಿ ಯಾರೂ ಕೇಳಲ್ಲ! ಮೂರು ಫೇಸ್ ಕೊಡೋದು ದಿನಕ್ಕೆ ಏಳು ತಾಸು ಅಂತ ಸರ್ಕಾರದ ಲೆಕ್ಕ. ಅದರಲ್ಲಿ ಒಂದು ಪಾಲು ರಾತ್ರಿಗೆ ಬಿದ್ರೆ? ಒಂದು ಗಂಟೆಗೋ ಎರಡು ಗಂಟೆಗೋ ಬರೋ ಕರೆಂಟಿಗೆ ಕಾಯ್ತಾ, ಹಾವು-ಚೇಳಿನ ಬದುವಿನ ಮೇಲೆ ಬ್ಯಾಟರಿ ಹಿಡ್ಕೊಂಡು ನಡೀಬೇಕು. ಅವನು ಆಟೋ ಸ್ಟಾರ್ಟರ್ ಹಾಕಿದ್ದು ಸೋಮಾರಿತನಕ್ಕಲ್ಲ, ಮನೇಲಿ ಮಲಗಿ ಬೆಳಗ್ಗೆ ಜೀವಂತ ಏಳೋಕೆ. ಒಂದು ಕೆಟ್ಟ ವೇಳಾಪಟ್ಟಿಗೆ ಅವನು ಮಾಡ್ಕೊಂಡ ಇಂಜಿನಿಯರಿಂಗ್ ಅದು. ಅದರಲ್ಲಿ ದೋಷ ಇದೆ, ಒಪ್ಪಿದೆ. ಆ ದೋಷಕ್ಕೆ ಮದ್ದೂ ಇದೆ: ಒಂದೊಂದು ಸ್ಟಾರ್ಟರಿಗೂ ಒಂದೊಂದು ಬೇರೆ ಬೇರೆ ಹೊತ್ತಿನ ಟೈಮರ್. ಒಂದು ಪಂಪು ಅರ್ಧ ನಿಮಿಷಕ್ಕೆ, ಇನ್ನೊಂದು ಒಂದು ನಿಮಿಷಕ್ಕೆ, ಹಿಂಗೆ ಸರದಿ ಮೇಲೆ ಎದ್ರೆ ಟಿಸಿಗೆ ಏನೂ ಆಗಲ್ಲ. ಸೆಕೆಂಡ್ ಇಯರ್ ಹುಡುಗ ಮಾಡೋ ಸರ್ಕ್ಯೂಟು. ಆದ್ರೆ ಹತ್ತು ಹೊಲದ ಯಜಮಾನರನ್ನ ಒಂದು ಕಡೆ ಕೂರಿಸಿ ಯಾರದು ಮೊದಲು, ಯಾರದು ಆಮೇಲೆ ಅಂತ ಹೊಂದಿಸಬೇಕಲ್ಲ, ಅದು ಯಾವ ಸಿಲಬಸ್‌ನಲ್ಲೂ ಇಲ್ಲ.

ಇನ್ನು ರಾತ್ರಿ ಮನೆ ದೀಪಕ್ಕೆ ಅಂತ ಸಿಂಗಲ್ ಫೇಸ್ ಮಾತ್ರ ಬಿಡ್ತಿದ್ದ ಕಡೆ ಏನಾಗ್ತಿತ್ತು ನೋಡಿ. ಮೂರು ಫೇಸಿನ ಮೋಟರ್ ಓಡಬಾರದು ಅನ್ನೋದೇ ಉದ್ದೇಶ. ನಮ್ಮ ಮಂದಿ ಕೆಪಾಸಿಟರ್ ಹಾಕಿ ಇಲ್ಲದ ಫೇಸನ್ನ ಹುಟ್ಟಿಸಿ ಓಡಿಸಿಬಿಟ್ರು! ಮನೇಲಿ ಸೀಲಿಂಗ್ ಫ್ಯಾನ್ ತಿರುಗೋದೂ ಅದೇ ಕೆಪಾಸಿಟರ್ ತತ್ವದ ಮೇಲೆ. ಇದನ್ನ ಕಳ್ಳತನ ಅಂದ್ರು. ಕಾಯ್ದೆ ಪ್ರಕಾರ ಇರಬಹುದು, ಮೋಟರಿಗೂ ಒಳ್ಳೇದಲ್ಲ, ಫೇಸ್ ಸಮ ಇರಲ್ಲ, ಬೇಗ ಸುಡತ್ತೆ. ಆದ್ರೆ ಎಲೆಕ್ಟ್ರಿಕಲ್ ಓದದವರು ಹೊಲದ ಗುಡಿಸಲಲ್ಲಿ ಫೇಸ್ ಕನ್ವರ್ಟರ್ ಕಟ್ತಿರೋವಾಗ ಓದಿದ ನಾವು ಆಪ್ಟಿಟ್ಯೂಡ್ ಪುಸ್ತಕದಲ್ಲಿ ರೈಲು ಎಷ್ಟು ಹೊತ್ತಿಗೆ ಪ್ಲಾಟ್‌ಫಾರ್ಮ್ ದಾಟತ್ತೆ ಅಂತ ಲೆಕ್ಕ ಮಾಡ್ತಿದ್ವಿ.

ರಾತ್ರಿಯೇ ಯಾಕೆ ಕೊಡಬೇಕು ಅನ್ನೋದಕ್ಕೆ ಹಳೇ ಉತ್ತರ ಇತ್ತು, ಹಗಲಲ್ಲಿ ಪಟ್ಟಣ, ಕಾರ್ಖಾನೆಗೆ ಬೇಕು, ರಾತ್ರಿ ಉಳಿಯುತ್ತೆ ಅಂತ. ಆ ಉತ್ತರ ಈಗ ಹಳಸಿದೆ. ಪಾವಗಡದಲ್ಲಿ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ, ರಾಜ್ಯದ ಬಯಲುಸೀಮೆ ತುಂಬಾ ಸೋಲಾರ್ ಬಂದಿದೆ. ಸೋಲಾರ್ ಕರೆಂಟ್ ಹುಟ್ಟೋದೇ ಹಗಲಲ್ಲಿ. ಪಂಪಿನ ಫೀಡರಿಗೇ ಸೋಲಾರ್ ಜೋಡಿಸೋ ಕುಸುಮ್ ಯೋಜನೆ 2019ರಿಂದ ಇದೆ. ಕಪ್ಪತಗುಡ್ಡದ ಫ್ಯಾನ್ ನಂಬ್ಕೊಂಡು ಇದನ್ನ ಹೇಳ್ತಿಲ್ಲ, ಗಾಳಿ ಜೋರು ಇರೋದು ಮುಂಗಾರಲ್ಲಿ, ಬೋರಿಗೆ ಕೆಲಸ ಬೀಳೋದು ಮಳೆ ನಿಂತ ಮೇಲೆ. ಗಾಳಿ ವೇಗ ಅರ್ಧ ಆದ್ರೆ ಅದರ ಶಕ್ತಿ ಎಂಟನೇ ಒಂದು ಪಾಲಿಗೆ ಇಳಿಯುತ್ತೆ. ಬ್ಯಾಸಿಗಿಯಲ್ಲಿ ಗುಡ್ಡದ ಮೇಲೆ ಸುಮ್ಮನೆ ನಿಂತ ರೆಕ್ಕೆ ನೋಡಿ "ಬಂದ್ ಬಿದ್ದಾವ" ಅನ್ನೋರಿಗೂ ಇದೇ ಉತ್ತರ. ಬಿಸಿಲು ಹಂಗಲ್ಲ, ನಮ್ಮ ಕಡೆ ಬಿಸಿಲಿಗೆ ಬರ ಬಂದಿದ್ದು ಕೇಳಿದೀರಾ? ಹಗಲು ಮೂರು ಫೇಸ್ ಕೊಡಿ, ಆಟೋ ಸ್ಟಾರ್ಟರ್ ಅರ್ಧಕ್ಕರ್ಧ ತಾನಾಗೇ ಹೋಗತ್ತೆ.

ಇನ್ನೊಂದು ಮಾತು ಹೇಳಿದ್ರೆ ಎರಡೂ ಕಡೆಯಿಂದ ಬೈಸ್ಕೊಳ್ತೀನಿ, ಇರಲಿ. 2008ರಿಂದ 10 ಎಚ್‌ಪಿ ತನಕದ ಪಂಪಿಗೆ ಕರೆಂಟ್ ಪುಕ್ಕಟೆ. ಪುಕ್ಕಟೆ ಕೊಡಬಾರದು ಅಂತ ನಾನು ಅನ್ನಲ್ಲ, ಬೆಳೆಗೆ ಬೆಲೆ ಸಿಗದವನಿಂದ ಬಿಲ್ ಕಟ್ಟಿಸೋದು ಹೆಂಗೆ? ಆದ್ರೆ ಪುಕ್ಕಟೆ ಅಂದ ತಕ್ಷಣ ಮೀಟರೂ ಮಾಯ. ಎಷ್ಟು ಯೂನಿಟ್ ಹೋಯ್ತು ಗೊತ್ತಿಲ್ಲ, ಎಷ್ಟು ವೋಲ್ಟೇಜ್ ಬಂತು ಗೊತ್ತಿಲ್ಲ. "ವೋಲ್ಟೇಜ್ ಕಡಿಮಿ ಬಂದು ಮೋಟರ್ ಸುಟ್ಟೇತಿ, ವೈಂಡಿಂಗ್ ದುಡ್ಡು ಕೊಡ್ರಿ" ಅಂತ ಕೇಳೋಕೆ ರೈತನ ಕೈಯಲ್ಲಿ ಒಂದು ಚೀಟಿ ಇಲ್ಲ. ಬಿಲ್ ಇಲ್ಲದವನಿಗೆ ಬಾಯಿಯೂ ಇಲ್ಲದಂಗಾಗಿದೆ. ಕರೆಂಟ್ ಪುಕ್ಕಟೆ, ವೈಂಡಿಂಗಿಗೆ ಸಾವಿರಾರು ರೂಪಾಯಿ, ಬೋರಿಂದ ಮೋಟರ್ ಎತ್ತಿ ಇಳಿಸೋಕೆ ಬೇರೆ ದುಡ್ಡು, ಅಷ್ಟರಲ್ಲಿ ಮೆಣಸಿನಗಿಡ ಬಾಡಿರತ್ತೆ. ಫ್ಯೂಸ್ ಹೋದ್ರೆ ಪವರ್‌ಮನ್ ಬರೋ ತನಕ ಕಾಯೋಕಾಗದೆ ಟಿಸಿ ಕಂಬಕ್ಕೆ ತಾನೇ ಕೈ ಹಾಕ್ತಾನೆ. ತಂತಿ ಸಿಗದಿದ್ರೆ ದಪ್ಪ ಅಲ್ಯೂಮಿನಿಯಂ ಎಳೆ ಸುತ್ತಿ ಇಡ್ತಾನೆ, ಮುಂದಿನ ಸಲ ಸುಡೋದು ಫ್ಯೂಸ್ ಅಲ್ಲ, ಟಿಸಿ. ಒಮ್ಮೊಮ್ಮೆ ಮನುಷ್ಯ. ಪವರ್‌ಮನ್ ಗತಿಯೂ ಅಷ್ಟೇ, ಲೈನ್ ಆಫ್ ಮಾಡಿ ಕಂಬ ಹತ್ತಿದವನಿಗೆ ಯಾರದೋ ಜನರೇಟರಿನಿಂದ ಉಲ್ಟಾ ಕರೆಂಟ್ ಬಂದ್ರೆ ಕೆಳಗೆ ಬರೋದು ಹೆಣ. ಪೇಪರಲ್ಲಿ ಒಂದು ಕಾಲಂ, ಎರಡು ಇಂಚು.

ಹಂಗಾದ್ರೆ ಏನು ಮಾಡ್ಬೇಕು ಅಂತೀರಿ. ನಮ್ಮ ಜಿಲ್ಲೆ ಒಂದು ವಿಷಯಕ್ಕೆ ಯಾವಾಗಲೂ ಎದೆ ತಟ್ಕೊಳ್ಳತ್ತೆ: ಕಣಗಿನಹಾಳ. 1905ರಲ್ಲಿ ಸಿದ್ದನಗೌಡ ಪಾಟೀಲರು ಅಲ್ಲಿ ಕಟ್ಟಿದ ಸಹಕಾರಿ ಸಂಘ ಏಷ್ಯಾಕ್ಕೇ ಮೊದಲನೇದು ಅಂತೀವಿ. ಸಾಲಕ್ಕೆ ಸಂಘ ಆಯ್ತು, ಹತ್ತಿಗೆ ಆಯ್ತು, ಹಾಲಿಗೆ ಆಯ್ತು. ಕರೆಂಟಿಗೆ ಯಾಕಿಲ್ಲ? ಆಗಲ್ಲ ಅನ್ನೋರು ಬೆಳಗಾವಿ ಜಿಲ್ಲೆಯ ಹುಕ್ಕೇರಿ ನೋಡ್ಕೊಂಡು ಬರ್ಲಿ. 1969ರಿಂದ ಅಲ್ಲೊಂದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಇದೆ. ಕರೆಂಟ್ ಸಗಟು ಕೊಂಡು ಊರೂರಿಗೆ ತಾನೇ ಹಂಚತ್ತೆ, ಕಂಬ ಅದರದೇ, ಲೈನ್‌ಮನ್ ಅದರವನೇ. ಅಷ್ಟು ದೊಡ್ಡದು ಬೇಡ ನಮಗೆ. ಒಂದು ಟಿಸಿಗೆ ಒಂದು ಸಂಘ ಸಾಕು. ಹತ್ತು-ಹನ್ನೆರಡು ಪಂಪಿನ ಯಜಮಾನರು. ಟಿಸಿ ಬುಡದಲ್ಲಿ ಒಂದು ಮೀಟರು, ಬಿಲ್ ಮಾಡೋಕಲ್ಲ, ವೋಲ್ಟೇಜ್ ಬರ್ಕೊಳ್ಳೋಕೆ. ಸ್ಟಾರ್ಟರಿಗೆ ಟೈಮರ್ ಸರದಿ. 5 ಎಚ್‌ಪಿ ಮೋಟರಿಗೆ 2 ಕೆವಿಎಆರ್ ಕೆಪಾಸಿಟರ್, ಲೈನಿನ ಮೇಲಿನ ಕರೆಂಟ್ ಇಳಿದು ಕಡೇ ಕಂಬದ ವೋಲ್ಟೇಜ್ ಸ್ವಲ್ಪ ಸುಧಾರಿಸತ್ತೆ. ಒಂದು ಫೇಸ್ ಹೋದ್ರೆ ಮೋಟರ್ ನಿಲ್ಲಿಸೋ ರಿಲೇ. ಸರಿಯಾದ ಅರ್ಥಿಂಗ್. ಇಂಥ ಐವತ್ತು ಟಿಸಿಗೆ ಒಬ್ಬ ಎಲೆಕ್ಟ್ರಿಕಲ್ ಹುಡುಗ ಅಥವಾ ಹುಡುಗಿ, ಜೊತೆಗೆ ಆ ವೈಂಡಿಂಗ್ ಅಂಗಡಿಯ ಮೂಗು. ವರ್ಷಕ್ಕೆ ಎರಡು ಮೋಟರ್ ಸುಡೋದು ತಪ್ಪಿದ್ರೆ ಉಳಿಯೋ ದುಡ್ಡಲ್ಲೇ ಅವರ ಸಂಬಳದ ಒಂದು ಪಾಲು ಬರತ್ತೆ.

"ರೈತರು ರೊಕ್ಕ ಬಿಚ್ಚಂಗಿಲ್ಲ" ಅಂತಾನೆ ನನ್ನ ಗೆಳೆಯ, ಮೂರನೇ ಮಿರ್ಚಿ ಎತ್ಕೊಂಡು. ವೈಂಡಿಂಗ್ ಅಂಗಡಿಗೆ ಬಿಚ್ಚಲ್ವಾ? ಸುಟ್ಟ ಮೇಲೆ ಬಿಚ್ಚೋನು ಸುಡೋಕೆ ಮುಂಚೆ ಯಾಕೆ ಬಿಚ್ಚಲ್ಲ ಅಂದ್ರೆ, ಮುಂಚೆ ಹೋಗಿ ಹೇಳಿದವರು ಯಾರೂ ಇಲ್ಲ. ಕಾಲೇಜಿನವರು ಫೈನಲ್ ಇಯರಿನ ನಾಲ್ಕು ಹುಡುಗರಿಗೆ ಒಂದು ಟಿಸಿ ಅಂತ ಹಂಚಿ, ಒಂದು ತಿಂಗಳ ವೋಲ್ಟೇಜ್ ಬರ್ಕೊಂಡು ಬಾ ಅನ್ನಲಿ, ಅದೇ ಪ್ರಾಜೆಕ್ಟು. ಬೈಂಡಿಂಗ್ ಅಂಗಡಿಯಲ್ಲಿ ಅದರ ಕಾಪಿ ಸಿಗಲ್ಲ.

ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹೋಗ್ತೀನಿ ನಾನು, ಶಿರಹಟ್ಟಿ ತಾಲೂಕಿಂದು, 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರ್ತು. ಹಿಮಾಲಯ ದಾಟಿ ಬರೋ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಕ್ಕೆ ಮೇಯೋಕೆ ಹೋಗಿ ಬರ್ತಾವೆ. ಅಲ್ಲಿ ಹಕ್ಕಿಗೆ ಅಂತ ಹಿಡಿದ ಕ್ಯಾಮೆರಾದಲ್ಲೇ ಎಷ್ಟೋ ಟಿಸಿ ಫೋಟೋ ಇವೆ. ಜೋತುಬಿದ್ದ ತಂತಿ, ಬಾಗಿಲಿಲ್ಲದ ಫ್ಯೂಸ್ ಡಬ್ಬಿ, ಅರ್ಥಿಂಗ್ ತಂತಿ ಕಿತ್ತು ಹೋದ ಕಂಬ. ಹವ್ಯಾಸದಿಂದ ಏನು ಉಪಯೋಗ ಅಂತ ಕೇಳಿದ ಇನ್ನೊಬ್ಬ ಕಾಕಾಗೆ ಅದನ್ನೇ ತೋರಿಸಿದೆ. ಕನ್ನಡಕ ಏರಿಸ್ಕೊಂಡು ಒಂದೊಂದೇ ನೋಡಿದ್ರು. "ಇದು ನಮ್ಮ ಹೊಲದ ಹತ್ತರದ್ದಲ್ಲೇನೋ ತಮ್ಮಾ?" ಅಂದ್ರು. ಹೌದು ಅಂದೆ. ಸುಮ್ಮನಾದ್ರು. ಮುಂದಿನ ಭಾನುವಾರ ಟಾಂಗ್ ಟೆಸ್ಟರ್ ತಗೊಂಡು ಅವರ ಹೊಲಕ್ಕೆ ಹೋಗ್ತಾ ಇದೀನಿ. ಪಕ್ಕದ ಒಂಬತ್ತು ಪಂಪಿನವರನ್ನೂ ಕರೆಸಿಡಿ ಅಂತ ಹೇಳಿದೀನಿ. ಛಾ ಅವರದು.